ಕಾಕಾನ ನ್ಯಾಟ್

ನಮ್ಮ ಕಾಕಾ ವಾಯುಪಡೆಯಲ್ಲಿ ಹದಿನೈದು ವರ್ಷ ಎಂಜಿನ್ ಫಿಟ್ಟರ್ ಆಗಿದ್ದವರು. 1983ರಲ್ಲಿ ರಾಯಬಾಗಕ್ಕೆ ಮರಳಿ ಬಂದು ಹೊಲ ನೋಡಿಕೊಂಡರು. ಕಬ್ಬಿನ ಲೆಕ್ಕ, ಬೋರಿನ ರಿಪೇರಿ, ಮಕ್ಕಳ ಮದುವೆ ಅಂತ ನಲವತ್ತು ವರ್ಷ ಹೋಯಿತು. ವಿಮಾನದ ಮಾತು ಅವರ ಬಾಯಲ್ಲಿ ಬಂದದ್ದು ಕಡಿಮೆ. ಈಗ ಎಪ್ಪತ್ತೇಳು ವಯಸ್ಸು, ಎರಡೂ ಕಣ್ಣಿಗೆ ಕಾಚಬಿಂದು. ಇರುವಷ್ಟು ದೃಷ್ಟಿ ಉಳಿಸಿಕೊಳ್ಳಬಹುದು, ಹೋದದ್ದು ಮರಳಿ ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಎದುರಿಗಿದ್ದವರ ಮುಖ ಕಾಣುತ್ತದೆ, ಪಕ್ಕದಲ್ಲಿ ಕೂತವರು ಕಾಣುವುದಿಲ್ಲ.

ಹೋದ ದೀಪಾವಳಿಗೆ ಮನೆ ಸಾರಿಸುವಾಗ ಅವರ ಪತ್ರಾದ ಟ್ರಂಕಿನಲ್ಲಿ ಒಂದು ರಟ್ಟಿನ ಡಬ್ಬಿ ಸಿಕ್ಕಿತು. ಅದು ಇಂಗ್ಲೆಂಡಿನ ಒಂದು ಕಂಪನಿಯ ಪ್ಲಾಸ್ಟಿಕ್ ವಿಮಾನದ ಕಿಟ್. ಅವರ ಘಟಕದ ಅಧಿಕಾರಿಯೊಬ್ಬರು ಆ ಕಡೆ ಹೋದಾಗ ತಂದು ಕೊಟ್ಟಿದ್ದರಂತೆ. ಮೇಲಿನ ಚಿತ್ರದಲ್ಲಿ ಕೆಂಪು ಬಣ್ಣದ ನ್ಯಾಟ್ ಜೆಟ್. ಒಳಗೆ ಕಡ್ಡಿಗಳಿಗೆ ಅಂಟಿಕೊಂಡ ಬಿಡಿಭಾಗಗಳು, ಮತ್ತು ಆಗಲೇ ಅಂಟಿಸಿಟ್ಟ ವಿಮಾನದ ಒಡಲು. ಉಳಿದದ್ದಕ್ಕೆ ಕೈ ಹಚ್ಚಿರಲಿಲ್ಲ.

"ಯಾಕ ಬಿಟ್ರಿ ಕಾಕಾ?" ಎಂದು ಕೇಳಿದೆ.

"ಅದು ನನ್ನ ವಿಮಾನ ಅಲ್ಲೋ. ಇದರಾಗ ಇಬ್ಬರು ಕೂಡ್ತಾರ. ನಾವು ನೋಡಿಕೊಂತಿದ್ದದ್ದು ಒಬ್ಬರು ಕೂಡೋದು" ಎಂದರು.

ಏಳನೆಯ ತರಗತಿಯಲ್ಲಿರುವ ನನ್ನ ಮಗಳು ಅಲ್ಲೇ ನಿಂತಿದ್ದಳು. "ಹಂಗಾದ್ರ ಒಬ್ಬರು ಕೂಡೋದು ಮಾಡೋಣಲ್ಲ ಅಜ್ಜಾ" ಎಂದಳು. ಕೆಲಸ ಶುರುವಾದದ್ದು ಆ ಮಾತಿನಿಂದ.

ನ್ಯಾಟ್ ಎಂದರೆ ಇಂಗ್ಲಿಷಿನಲ್ಲಿ ನುಸಿ. ಹೆಸರಿಗೆ ತಕ್ಕ ಗಾತ್ರ. ಒಬ್ಬರು ಕೂಡುವ ಯುದ್ಧವಿಮಾನದ ಉದ್ದ 8.74 ಮೀಟರ್, ರೆಕ್ಕೆಯ ತುದಿಯಿಂದ ತುದಿಗೆ 6.73 ಮೀಟರ್. ನಮ್ಮ ಕಡೆ ಎರಡು ಟ್ರೇಲರ್ ಕಬ್ಬು ಎಳೆದುಕೊಂಡು ಹೋಗುವ ಟ್ರ್ಯಾಕ್ಟರು ಅದಕ್ಕಿಂತ ಉದ್ದ. 1955ರಲ್ಲಿ ಇಂಗ್ಲೆಂಡಿನಲ್ಲಿ ಮೊದಲು ಹಾರಿದ ಈ ವಿಮಾನವನ್ನು ಹೆಚ್ಚು ಕೊಂಡವರು, ಹೆಚ್ಚು ಕಟ್ಟಿದವರು ನಾವು. ಬೆಂಗಳೂರಿನ ಎಚ್‌ಎಎಲ್ ಕಾರ್ಖಾನೆಯೂ ಶುರು ಮಾಡಿದ್ದು ಕಿಟ್‌ನಿಂದಲೇ. ಇಂಗ್ಲೆಂಡಿನಿಂದ ಬಂದ ಬಿಡಿಭಾಗಗಳನ್ನು ಮೊದಲು ಇಲ್ಲಿ ಜೋಡಿಸಿದರು, ಆಮೇಲೆ ಭಾಗಗಳನ್ನೂ ಇಲ್ಲೇ ಮಾಡಿದರು. ಅದರ ಆರ್ಫಿಯಸ್ ಎಂಜಿನ್ ಕೂಡ ಬೆಂಗಳೂರಿನಲ್ಲೇ ತಯಾರಾಗುತ್ತಿತ್ತು. ಇದನ್ನು ಕೇಳಿ ಮಗಳಿಗೆ ಧೈರ್ಯ ಬಂತು. "ಅವರೂ ನಮ್ಮಂಗ ಡಬ್ಬಿ ತೆರೆದು ಶುರು ಮಾಡ್ಯಾರ" ಎಂದಳು.

ನಮ್ಮ ಡಬ್ಬಿಯಲ್ಲಿದ್ದದ್ದು ಬ್ರಿಟಿಷ್ ವಾಯುಪಡೆಯ ತರಬೇತಿ ನ್ಯಾಟ್. ಅವರ ಪ್ರದರ್ಶನ ತಂಡ ರೆಡ್ ಆ್ಯರೋಸ್ 1979ರವರೆಗೆ ಹಾರಿಸಿದ್ದು ಇದನ್ನೇ. ಎರಡನೆಯ ಸೀಟಿಗಾಗಿ ಅದರ ಒಡಲನ್ನು ಉದ್ದ ಮಾಡಿದ್ದರು, ರೆಕ್ಕೆ, ಬಾಲ ದೊಡ್ಡದು ಮಾಡಿದ್ದರು. ಉದ್ದ 9.68 ಮೀಟರ್, ರೆಕ್ಕೆ 7.32 ಮೀಟರ್. ನಾವು ಹಿಂದಕ್ಕೆ ಹೋಗಬೇಕಿತ್ತು.

ಇಲ್ಲಿ ಮಗಳ ಗಣಿತ ಉಪಯೋಗಕ್ಕೆ ಬಂತು. ಕಿಟ್‌ನ ಅಳತೆ 72ರಲ್ಲಿ ಒಂದು ಪಾಲು. ಈ 72 ಎಲ್ಲಿಂದ ಬಂತೆಂದು ಬಹಳ ಮಂದಿ ಕೇಳುತ್ತಾರೆ. ಒಂದು ಅಡಿಗೆ ಹನ್ನೆರಡು ಇಂಚು, ಆರಡಿಗೆ ಎಪ್ಪತ್ತೆರಡು. ಆರಡಿ ಎತ್ತರದ ಮನುಷ್ಯ ಈ ಅಳತೆಯಲ್ಲಿ ಸರಿಯಾಗಿ ಒಂದು ಇಂಚು ಆಗುತ್ತಾನೆ. ಈಗ ಎರಡು ವಿಮಾನಗಳ ಉದ್ದದ ವ್ಯತ್ಯಾಸ 94 ಸೆಂಟಿಮೀಟರ್. ಅದನ್ನು 72ರಿಂದ ಭಾಗಿಸಿದರೆ 13 ಮಿಲಿಮೀಟರ್. ರೆಕ್ಕೆಯ ವ್ಯತ್ಯಾಸ 59 ಸೆಂಟಿಮೀಟರ್, ಭಾಗಿಸಿದರೆ 8 ಮಿಲಿಮೀಟರ್, ಅಂದರೆ ಒಂದೊಂದು ಬದಿಗೆ 4. ಒಡಲಿನಿಂದ ಒಂದು ಬೆರಳಿನಷ್ಟು ಅಗಲದ ತುಂಡು ತೆಗೆಯಬೇಕು, ರೆಕ್ಕೆಗಳ ತುದಿಯನ್ನು ಇಷ್ಟಿಷ್ಟು ಕತ್ತರಿಸಬೇಕು. ಇಷ್ಟು ಮಾಡಿದರೆ ಎಲ್ಲವೂ ನೂರಕ್ಕೆ ನೂರು ಸರಿಯಾಗುವುದಿಲ್ಲ, ಆದರೆ ನೋಡಿದವರು ಇದು ಯಾವ ವಿಮಾನ ಎಂದು ಗುರುತು ಹಿಡಿಯುತ್ತಾರೆ.

ಲೆಕ್ಕ ಸುಲಭವಾಗಿತ್ತು. ಕೊಯ್ಯುವುದಕ್ಕೆ ನನಗೆ ಕೈ ಬರಲಿಲ್ಲ. ಆ ಒಡಲನ್ನು ಅಂಟಿಸಿದ್ದು ಮೂವತ್ತು ವರ್ಷದ ಕಾಕಾ, ಕಣ್ಣು ನೆಟ್ಟಗಿದ್ದಾಗ. ಅದು ಒಡೆದರೆ ಇನ್ನೊಂದು ತರುವಂತಿಲ್ಲ. ಹಾಗೇ ಇಟ್ಟರೆ ಹಳೆಯ ಕಿಟ್ ಎಂದು ಅದಕ್ಕೊಂದು ಬೆಲೆಯೂ ಇದೆ. ನಾಲ್ಕು ದಿನ ಅದು ಕಪಾಟಿನ ಮೇಲೇ ಇತ್ತು. ಕಡೆಗೆ ಕಾಕಾ ಅವರೇ ಹೇಳಿದರು: "ಕೊಯ್ಯೋದಿದ್ರ ಈಗ ಕೊಯ್ರಿ. ಟ್ರಂಕಿನಾಗಿಟ್ಟು ಪೂಜಿ ಮಾಡೋದೈತೇನು? ನನಗ ಕಾಣೂತನಕ ಆಗ್ಲಿ."

ಹ್ಯಾಕ್ಸಾ ಬ್ಲೇಡು ದಪ್ಪ, ಪ್ಲಾಸ್ಟಿಕ್ಕನ್ನು ತಿಂದುಬಿಡುತ್ತದೆ. ನಮ್ಮ ಪೇಟೆಯ ಪತ್ತಾರರಲ್ಲಿ ಆಭರಣ ಕೊರೆಯುವ ದಾರದಷ್ಟು ಸಣ್ಣ ಗರಗಸವಿರುತ್ತದೆ. ಅದನ್ನು ಕೇಳಿ ತಂದೆವು. ಒಡಲಿನ ಸುತ್ತ ಟೇಪು ಸುತ್ತಿ, ಟೇಪಿನ ಅಂಚನ್ನೇ ಗೆರೆ ಮಾಡಿಕೊಂಡು ನಾನು ಕೊಯ್ದೆ, ಮಗಳು ಹಿಡಿದುಕೊಂಡಳು. ಎರಡನೆಯ ಸೀಟಿನ ಜಾಗದ ತುಂಡು ಮೇಜಿನ ಮೇಲೆ ಬಿತ್ತು. ಮುಂದಿನ ಭಾಗ ಹಿಂದಿನ ಭಾಗಕ್ಕಿಂತ ತುಸು ಸಣ್ಣದು, ಹಾಗಾಗಿ ಜೋಡಿಸಿದಲ್ಲಿ ಮೆಟ್ಟಿಲಿನಂತೆ ಏರಿಳಿತ ಉಳಿಯಿತು. ಅದಕ್ಕೆ ಎಂ-ಸೀಲ್ ಮೆತ್ತಿ, ಒಂದು ದಿನ ಒಣಗಿಸಿ, ಕಾರಿನ ಬಣ್ಣದ ಅಂಗಡಿಯಲ್ಲಿ ಸಿಗುವ ವಾಟರ್ ಪೇಪರಿನಿಂದ ನೀರು ಹಚ್ಚಿ ಉಜ್ಜಿದೆವು.

ಪರೀಕ್ಷೆ ಮಾಡುವವರು ಕಾಕಾ. ಕಣ್ಣಿನಿಂದಲ್ಲ, ಹೆಬ್ಬೆರಳಿನಿಂದ. ಜೋಡಣೆಯ ಮೇಲೆ ಬೆರಳಾಡಿಸಿ, "ಇಲ್ಲಿ ಇನ್ನೂ ಹಲ್ಲು ಐತಿ" ಎನ್ನುತ್ತಿದ್ದರು. ನಮಗೆ ಕಣ್ಣಿಗೆ ನುಣ್ಣಗೆ ಕಂಡದ್ದು ಅವರ ಬೆರಳಿಗೆ ಒರಟು. ಫಿಟ್ಟರನ ಕೈ ಅದು. ಆರು ಸಂಜೆ ಉಜ್ಜಿದ ಮೇಲೆ ಏನೂ ಹೇಳದೆ ಮರಳಿ ಕೊಟ್ಟರು. ಅದೇ ಪಾಸು.

ಹಳೆಯ ಕಿಟ್ ಸುಧಾರಿಸುವುದಕ್ಕೆ ದುಡ್ಡಿನ ಸಾಮಾನು ಬೇಕಾಗಿಲ್ಲ. ಮೂತಿಯ ಮುಂದಿನ ಗಾಳಿವೇಗ ಅಳೆಯುವ ಕೊಳವೆ ಮುರಿದಿತ್ತು. ಭಾಗಗಳು ಅಂಟಿಕೊಂಡಿದ್ದ ಪ್ಲಾಸ್ಟಿಕ್ ಕಡ್ಡಿಯನ್ನು ಮೇಣಬತ್ತಿಯ ಜ್ವಾಲೆಗೆ ತಾಗಿಸದೆ ಮೇಲೆ ಹಿಡಿದು, ಮೆತ್ತಗಾದಾಗ ಎರಡೂ ತುದಿ ಮೆಲ್ಲಗೆ ಎಳೆದರೆ ಕೂದಲಿನಷ್ಟು ತೆಳ್ಳಗಿನ ತಂತಿ ಬರುತ್ತದೆ. ಅದನ್ನೇ ಕತ್ತರಿಸಿ ಅಂಟಿಸಿದೆವು. ಪೈಲಟ್ಟಿನ ತಲೆಯ ಮೇಲಿನ ಗಾಜಿನ ಮುಚ್ಚಳ ಕಿಟ್‌ನಲ್ಲಿ ಇಬ್ಬರಿಗಾಗುವಷ್ಟು ಉದ್ದ. ಅದಕ್ಕೆ ಸಾಗವಾನಿಯ ಚೂರಿನಲ್ಲಿ ಚಿಕ್ಕ ಅಚ್ಚು ಕೆತ್ತಿ, ಪೇಢೆಯ ಡಬ್ಬಿಯ ಪಾರದರ್ಶಕ ಮುಚ್ಚಳವನ್ನು ಕಾಯಿಸಿ ಅಚ್ಚಿನ ಮೇಲೆ ಒತ್ತಿದೆ. ಮೂರನೆಯದು ಚೆನ್ನಾಗಿ ಬಂತು. ಮಕ್ಕಳೇ, ಬೆಂಕಿ ಮತ್ತು ಬ್ಲೇಡಿನ ಕೆಲಸಕ್ಕೆ ಮನೆಯ ಹಿರಿಯರು ಜೊತೆಗಿರಲೇಬೇಕು. ನಮ್ಮ ಮನೆಯಲ್ಲೂ ಅದೇ ಕಾಯಿದೆ.

ಕೆಲಸ ಸಾಗಿದಂತೆ ಕಾಕಾ ಮಾತಾಡತೊಡಗಿದರು. ಗಾಳಿ ಒಳಗೆ ಹೋಗುವ ಬಾಯಿಗಳ ಪಕ್ಕ ಒಂದೊಂದು 30 ಮಿಲಿಮೀಟರಿನ ಗನ್ ಇರುತ್ತದೆ, ನಿಮ್ಮದರಲ್ಲಿ ಎಲ್ಲಿ ಎಂದರು. ತರಬೇತಿ ವಿಮಾನಕ್ಕೆ ಗನ್ ಇರಲಿಲ್ಲ, ಹಾಗಾಗಿ ಕಿಟ್‌ನಲ್ಲೂ ಇರಲಿಲ್ಲ. 30ನ್ನು 72ರಿಂದ ಭಾಗಿಸಿದರೆ ಅರ್ಧ ಮಿಲಿಮೀಟರಿಗೂ ಕಡಿಮೆ. ಹೊಲಿಯುವ ಸೂಜಿಯ ತುದಿಯಿಂದ ಚುಚ್ಚಿದೆವು. ಚಕ್ರದ ಬಾಗಿಲುಗಳ ಬಗ್ಗೆ ಹೇಳಿದರು: ನ್ಯಾಟ್‌ನಲ್ಲಿ ವೇಗ ತಗ್ಗಿಸಲು ಬೇರೆ ಬ್ರೇಕು ಇರಲಿಲ್ಲ, ಹಾರುವಾಗ ಚಕ್ರದ ಬಾಗಿಲುಗಳನ್ನೇ ಅರ್ಧ ಇಳಿಸಿ ಗಾಳಿಗೆ ಅಡ್ಡ ಹಿಡಿಯುತ್ತಿದ್ದರು. ಹೈಡ್ರಾಲಿಕ್ಕಿನ ಕಿರಿಕಿರಿಯನ್ನೂ ಹೇಳಿದರು. ಮುಂದೆ ಎಚ್‌ಎಎಲ್ ಇದೇ ನ್ಯಾಟ್ ಅನ್ನು ಸುಧಾರಿಸಿ ಅಜೀತ್ ಮಾಡಿತು. 1975ರಲ್ಲಿ ಅದು ಮೊದಲು ಹಾರಿತು. ರೆಕ್ಕೆಯೊಳಗೇ ಇಂಧನ ತುಂಬಿ, ರೆಕ್ಕೆಯ ಕೆಳಗಿನ ಜಾಗವನ್ನು ಶಸ್ತ್ರಗಳಿಗೆ ಬಿಡಿಸಿದರು, ನಿಯಂತ್ರಣದ ತೊಂದರೆಗಳನ್ನೂ ತಿದ್ದಿದರು. 1991ರವರೆಗೆ ಅಜೀತ್ ಸೇವೆಯಲ್ಲಿತ್ತು. ನಿಜವಾದ ವಿಮಾನವೂ ಒಂದೇ ಸಲಕ್ಕೆ ಸರಿಯಾಗಿ ಹುಟ್ಟುವುದಿಲ್ಲ ಎಂದು ಮಗಳಿಗೆ ಇದರಿಂದ ತಿಳಿಯಿತು.

ಬಣ್ಣಕ್ಕೆ ಬೆಳ್ಳಿ ಆರಿಸಿದೆವು. ಕೆಂಪು ಪ್ಲಾಸ್ಟಿಕ್ಕಿನ ಮೇಲೆ ಮೊದಲು ಬೂದು ಪ್ರೈಮರ್, ಆಮೇಲೆ ಬೆಳ್ಳಿ. ಬ್ರಿಟಿಷ್ ಗುರುತಿನ ಚೀಟಿಗಳನ್ನು ಪಕ್ಕಕ್ಕಿಟ್ಟು, ಕಚೇರಿಯ ಪಂಚಿನಿಂದ ಕೇಸರಿ ಕಾಗದದ ಬಿಲ್ಲೆ ತೆಗೆದು, ಅದರ ಮೇಲೆ ಚಿಕ್ಕ ಬಿಳಿ, ಅದರ ಮೇಲೆ ಇನ್ನೂ ಚಿಕ್ಕ ಹಸಿರು ಬಿಲ್ಲೆ ಅಂಟಿಸಿ ನಮ್ಮ ವಾಯುಪಡೆಯ ಗುರುತು ಮಾಡಿದೆವು.

ಉಳಿದದ್ದು ನಂಬರು. ಮಗಳಿಗೆ ಅದು ನಿರ್ಮಲ್ ಜಿತ್ ಸಿಂಗ್ ಸೇಖೋನ್ ಅವರ ವಿಮಾನ ಆಗಬೇಕೆಂದು ಆಸೆ. 1971ರ ಡಿಸೆಂಬರ್ 14ರಂದು ಶ್ರೀನಗರದ ನೆಲೆಯ ಮೇಲೆ ಆರು ಸೇಬರ್ ವಿಮಾನಗಳು ದಾಳಿ ಮಾಡಿದಾಗ, ಬಾಂಬು ಬೀಳುತ್ತಿರುವಾಗಲೇ ನ್ಯಾಟ್ ಹಾರಿಸಿ ಹೋರಾಡಿ ಪ್ರಾಣ ಕೊಟ್ಟವರು ಅವರು. ವಾಯುಪಡೆಗೆ ಇದುವರೆಗೆ ಸಂದ ಒಂದೇ ಪರಮವೀರ ಚಕ್ರ ಅವರದು. ಶಾಲೆಯಲ್ಲಿ ತೋರಿಸಿದರೆ ಎಲ್ಲರೂ ನೋಡುತ್ತಾರೆ ಎಂಬುದು ಅವಳ ಲೆಕ್ಕ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆ ಯುದ್ಧದ ದಿನಗಳಲ್ಲಿ ಅವರೂ ಗಡಿಯ ಸಮೀಪದ ಒಂದು ನೆಲೆಯಲ್ಲಿದ್ದರು.

"ಅವರದು ಮಾಡೋದಿದ್ರ ಮಾಡವಾ, ದೊಡ್ಡ ಕೆಲಸ. ಅದಕ್ಕ ಬ್ಯಾರೆ ಕಿಟ್ ತರೋಣ. ಇದು ನಂದು. ನಂದು ಪೇಪರಿನಾಗ ಬಂದಿಲ್ಲ. ಮುಂಜಾನೆ ಹೋಗ್ತಿತ್ತು, ಬರೂತನಕ ನಾವು ಮ್ಯಾಲ ನೋಡ್ಕೋಂತ ನಿಂದರ್ತಿದ್ವಿ. ದಿನಾ ಬಂತು. ಅಷ್ಟ ಅದರ ಕತಿ."

"ನಂಬರು ಎಷ್ಟಿತ್ತು ಅಜ್ಜಾ?"

ಕಣ್ಣು ಮುಚ್ಚಿ ಬಹಳ ಯೋಚಿಸಿದರು. ಕೊನೆಯ ಎರಡು ಅಂಕಿ ಮಾತ್ರ ನೆನಪಿಗೆ ಬಂದವು, 4 ಮತ್ತು 7. ಮುಂದಿನವು ಬರಲಿಲ್ಲ. ಒಂದು ವಾರ ಕಾದೆವು. ನಡುರಾತ್ರಿ ಎದ್ದು ಒಮ್ಮೆ ಏನೋ ಹೇಳಿದರು, ಬೆಳಗ್ಗೆ ಅದಲ್ಲ ಎಂದರು.

ಯಾವುದಾದರೂ ಅಂಕಿ ಸೇರಿಸಿ ಪೂರ್ತಿ ಮಾಡಬಹುದಿತ್ತು. ಪೂರ್ತಿ ನಂಬರು ಬರೆದರೆ ಚೆಂದ ಕಾಣುತ್ತಿತ್ತು, ಯಾರೂ ಕೇಳುತ್ತಿರಲಿಲ್ಲ. ಬೇಡವೆಂದವಳು ಮಗಳು. ಹದಿಮೂರು ಮಿಲಿಮೀಟರಿಗೆ ಅಷ್ಟು ಕಷ್ಟಪಟ್ಟು, ಇಲ್ಲಿ ಬಾಯಿಗೆ ಬಂದದ್ದು ಬರೆಯುವುದೇ ಎಂದು ಅವಳ ವಾದ. ಸಣ್ಣ ಕುಂಚದಿಂದ ಬಾಲದ ಹತ್ತಿರ 47 ಎಂದು ಬರೆದಳು, ಎಡಕ್ಕೆ ಉಳಿದ ಅಂಕಿಗಳಿಗಾಗುವಷ್ಟು ಜಾಗ ಖಾಲಿ ಬಿಟ್ಟಳು. ಕೆಳಗಿನ ಕಟ್ಟಿಗೆಯ ಮಣೆಗೆ ಒಂದು ಚೀಟಿ ಅಂಟಿಸಿದ್ದಾಳೆ. ಅದರಲ್ಲಿ ಯಾವುದು ಅಳತೆಯಿಂದ ಮಾಡಿದ್ದು, ಯಾವುದು ಅಜ್ಜನ ನೆನಪಿನಿಂದ ಮಾಡಿದ್ದು, ಯಾವುದು ಇನ್ನೂ ಸರಿಯಾಗಿಲ್ಲ ಎಂದು ಮೂರು ಸಾಲು ಇವೆ.

ನ್ಯಾಟ್ ಈಗ ಕಾಕಾ ಅವರ ಹಾಸಿಗೆಯ ಪಕ್ಕದ ಗೂಡಿನಲ್ಲಿದೆ. ಹನ್ನೆರಡು ಸೆಂಟಿಮೀಟರ್ ಉದ್ದ, ಅಂಗೈಯಲ್ಲಿ ಹಿಡಿಸುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಅದನ್ನು ಕೈಗೆ ತೆಗೆದುಕೊಂಡು ಮೂತಿಯಿಂದ ಬಾಲದವರೆಗೆ ಹೆಬ್ಬೆರಳಾಡಿಸುತ್ತಾರೆ. ಮೊನ್ನೆ ಮಗಳನ್ನು ಕರೆದು, ಬಲಗಡೆಯ ಚಕ್ರದ ಬಾಗಿಲು ಸಡಿಲಾಗಿದೆ, ನಾಳೆ ಅಂಟು ತಗೊಂಡು ಬಾ ಎಂದರು.