ಹೆಬ್ಬಾತಿನ ಮರಿಯೊಂದರ ಆರೈಕೆ

ಹಂಸವೆಂದೊಡನೆ ನಮ್ಮ ಮನಸ್ಸಿಗೆ ಬರುವುದು ಹಾಲನ್ನೂ ನೀರನ್ನೂ ಬೇರ್ಪಡಿಸುವ, ಮಾನಸಸರೋವರವನ್ನು ಬಿಟ್ಟು ಕದಲದ ಒಂದು ದಿವ್ಯಪಕ್ಷಿ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯದ ಗೋಡೆಯ ಬುಡದಲ್ಲಿ ಆನೆ, ಸಿಂಹ, ಕುದುರೆಗಳ ಪಟ್ಟಿಕೆಗಳಿಗೆಲ್ಲ ಮೇಲೆ ಶಿಲ್ಪಿಗಳು ಸಾಲಾಗಿ ಕೊರೆದು ನಿಲ್ಲಿಸಿರುವುದೂ ಅದನ್ನೇ. ಆದರೆ ಸಂಸ್ಕೃತ ಸಾಹಿತ್ಯದ ಹಂಸವು ಬಹುಮಟ್ಟಿಗೆ ಹೆಬ್ಬಾತೇ ಎಂದು ಡಚ್ ವಿದ್ವಾಂಸರಾದ ಫೋಗೆಲರು 1962ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ವಿಸ್ತಾರವಾಗಿ ತೋರಿಸಿದ್ದಾರೆ. ಗದಗ ಜಿಲ್ಲೆಯ ಮಾಗಡಿ ಕೆರೆಗೆ ಪ್ರತಿವರ್ಷವೂ ಚಳಿಗಾಲದಲ್ಲಿ ಹಿಮಾಲಯವನ್ನು ದಾಟಿ ಬರುವ ಪಟ್ಟೆತಲೆಯ ಹೆಬ್ಬಾತುಗಳನ್ನು ಕಂಡವರಿಗೆ ಈ ಮಾತಿನಲ್ಲಿ ಸಂದೇಹ ಉಳಿಯಲಾರದು. ಅವು ಮರಿಮಾಡುವುದು ಟಿಬೆಟ್ಟು, ಮಂಗೋಲಿಯ, ಲಡಾಖುಗಳ ಎತ್ತರದ ಸರೋವರಗಳಲ್ಲಿ. ಆದುದರಿಂದ ಅವುಗಳ ಮರಿಯನ್ನು ನೋಡುವ ಯೋಗ ನಮ್ಮ ನಾಡಿನವರಿಗಿಲ್ಲ. ನಾವು ಈಗ ಹೇಳಹೊರಟಿರುವುದು ಇಷ್ಟು ದೊಡ್ಡ ಕುಲದ ಪಕ್ಷಿಯ ವಿಷಯವಲ್ಲ. ಮನೆಯ ಅಂಗಳವನ್ನೆಲ್ಲ ಹೊಲಸುಮಾಡುತ್ತ, ಬಂದವರನ್ನೆಲ್ಲ ಬೈಯುತ್ತ ತಿರುಗುವ ಸಾಕಿದ ಹೆಬ್ಬಾತಿನದು.

ತೀರ್ಥಹಳ್ಳಿಯ ಕಡೆಯ ನಮ್ಮ ಅಡಕೆಯ ತೋಟದ ಮನೆಯಲ್ಲಿ ಇಂಥ ಹೆಬ್ಬಾತುಗಳು ಕೆಲವು ವರ್ಷಗಳಿಂದ ಇವೆ. ಕೊಕ್ಕಿನ ಬುಡದಲ್ಲಿ ಗಂಟುಳ್ಳ ಬಿಳಿಯ ಚೀನೀ ತಳಿ. ಹಾವನ್ನು ಹತ್ತಿರ ಸೇರಿಸವೆಂದು ಹೇಳಿ ಯಾರೋ ನೆಂಟರು ತಂದುಕೊಟ್ಟರು. ಹಾವುಗಳ ಸಂಗತಿ ಹೇಗೋ ಏನೋ, ನೆಂಟರನ್ನಂತೂ ಅವು ಹತ್ತಿರ ಸೇರಿಸವು. ಹೋದ ವರ್ಷದ ಮಾಘಮಾಸದಲ್ಲಿ ಹೆಣ್ಣು ಕೊಟ್ಟಿಗೆಯ ಮೂಲೆಯ ದರಗಿನಲ್ಲಿ ಆರು ಮೊಟ್ಟೆಗಳ ಮೇಲೆ ಕಾವಿಗೆ ಕೂತಿತು. ಇಪ್ಪತ್ತೊಂಬತ್ತನೆಯ ದಿನ ನಾಲ್ಕು ಮರಿಗಳು ಹೊರಬಿದ್ದವು. ಒಂದು ಮೊಟ್ಟೆ ಬರಿದಾಗಿತ್ತು. ಉಳಿದ ಇನ್ನೊಂದರಲ್ಲಿ ಸಣ್ಣ ತೂತು ಬಿದ್ದು, ಒಳಗಿನಿಂದ ಕ್ಷೀಣವಾದ ದನಿ ಕೇಳಿಬರುತ್ತಿದ್ದಿತು. ಮರುದಿನ ಬೆಳಗಾಗುವಷ್ಟರಲ್ಲಿ ತಾಯಿಯು ನಾಲ್ಕು ಮರಿಗಳನ್ನು ಕರೆದುಕೊಂಡು ಅಂಗಳಕ್ಕೆ ಇಳಿದುಬಿಟ್ಟಿತ್ತು. ಇದರಲ್ಲಿ ಕ್ರೌರ್ಯವೇನೂ ಇಲ್ಲ. ನಾಲ್ಕು ನಡೆಯುವ ಮರಿಗಳನ್ನು ಒಂದು ಒಡೆಯದ ಮೊಟ್ಟೆಗಾಗಿ ಉಪವಾಸ ಕೆಡವುವ ತಾಯಿಯ ಸಂತಾನ ಹೆಚ್ಚು ದಿನ ಉಳಿಯದು. ಐದನೆಯದು ಆ ತಣ್ಣಗಾದ ಗೂಡಿನಲ್ಲಿ ತಾನೊಂದೇ ಚಿಪ್ಪನ್ನು ಕಳಚಿಕೊಂಡು ಹೊರಬಂದಿತ್ತು.

ನಾವು ಕಂಡಾಗ ಅದು ಎದೆಯನ್ನು ನೆಲಕ್ಕೂರಿ ಬಿದ್ದಿತ್ತು. ಕಾಲುಗಳೆರಡೂ ಕಪ್ಪೆಯ ಕಾಲಿನಂತೆ ಎಡಬಲಗಳಿಗೆ ಜಾರಿದ್ದವು. ಕೊರಳನ್ನೆತ್ತಿದರೆ ತೂಕ ತಾಳಲಾರದೆ ಮೂತಿ ಮುಗ್ಗರಿಸುತ್ತಿತ್ತು. ನಮ್ಮ ಮಾವನವರು ಬಗ್ಗಿ ನೋಡಿ, “ಅದು ಉಳಿಯುವ ಜೀವವಲ್ಲಮ್ಮ. ತಾಯಿಯೇ ಬಿಟ್ಟದ್ದನ್ನು ನೀನು ಹಿಡಿದುಕೊಂಡು ಕೂತರೆ ಅದಕ್ಕೂ ಹಿಂಸೆ, ನಿನಗೂ ಹಿಂಸೆ,” ಎಂದರು. ಐವತ್ತು ವರ್ಷ ದನಕರುಗಳನ್ನು ಸಾಕಿದವರ ಮಾತು. ಅದನ್ನು ಒರಟುತನವೆಂದು ತಳ್ಳಿಹಾಕುವ ಧೈರ್ಯ ನಮಗಿರಲಿಲ್ಲ. ಬದುಕಿದರೂ ನಡೆಯದ ಹೆಬ್ಬಾತು ಹಕ್ಕಿಯೇ ಅಲ್ಲ. ಅದಕ್ಕೆ ಮೇಯಬೇಕು, ನೀರಿಗಿಳಿಯಬೇಕು, ಕಾಡುಬೆಕ್ಕು ಬಂದರೆ ಓಡಬೇಕು. ಒಂಬತ್ತು ವರ್ಷದ ನಮ್ಮ ಮಗಳಾದರೋ ಅಷ್ಟರಲ್ಲಿಯೇ ಅದನ್ನು ಸೆರಗಿನ ತುಂಡಿನಲ್ಲಿ ಸುತ್ತಿ ಎದೆಗವಚಿಕೊಂಡು ಅದಕ್ಕೆ ಬೆಣ್ಣೆಯೆಂದು ಹೆಸರನ್ನೂ ಇಟ್ಟಾಗಿತ್ತು. ಹತ್ತು ದಿನ ನೋಡೋಣ, ಆಮೇಲೆ ಮಾವನವರು ಹೇಳಿದಂತೆ ಆಗಲಿ ಎಂದು ಗೊತ್ತುಮಾಡಿಕೊಂಡೆವು.

ಮೊದಲು ಬೇಕಾದುದು ಬಿಸಿ. ಹುಟ್ಟಿದ ಮೊದಲ ವಾರದಲ್ಲಿ ಮರಿಯಿರುವ ಜಾಗದಲ್ಲಿ ಸುಮಾರು 32 ಡಿಗ್ರಿ ಸೆಂಟಿಗ್ರೇಡಿನಷ್ಟು ಶಾಖವಿರಬೇಕು. ಮುಂದೆ ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಹೋಗಬೇಕು. ಈಗಿನ ಎಲ್‌ಇಡಿ ದೀಪಗಳು ಬೆಳಕನ್ನು ಕೊಡುವುವೇ ಹೊರತು ಬಿಸಿಯನ್ನು ಕೊಡಲಾರವು. ಅಟ್ಟದ ಮೇಲಿಂದ ಹಳೆಯ ತಂತಿಯ ದೀಪವೊಂದನ್ನು ಹುಡುಕಿ ತೆಗೆದು ಅಗಲವಾದ ಬಿದಿರುಬುಟ್ಟಿಯ ಒಂದು ಬದಿಗೆ ತೂಗಹಾಕಿದೆವು. ಗಟ್ಟಿಯಾದ ಮರಿಗಳಿಗೆ ಹೀಗೆ ಮಾಡಿದರೆ ಸಾಕು. ಚಳಿಯಾದಾಗ ದೀಪದ ಬಳಿಗೆ ಬರುತ್ತವೆ, ಸೆಕೆಯಾದಾಗ ದೂರ ಸರಿಯುತ್ತವೆ. ಕಾಲಿಲ್ಲದ ಮರಿಗೆ ಆ ಸ್ವಾತಂತ್ರ್ಯವೆಲ್ಲಿ? ಇಟ್ಟಲ್ಲಿಯೇ ಬೇಯಬೇಕು, ಇಲ್ಲವೆ ಇಟ್ಟಲ್ಲಿಯೇ ಮರಗಟ್ಟಬೇಕು. ಬಾಯಿ ತೆರೆದು ಏದಿದರೆ ಶಾಖ ಅತಿಯಾಯಿತೆಂದೂ, ಎಡೆಬಿಡದೆ ಕಿರುಚಿದರೆ ಸಾಲದೆಂದೂ ತಿಳಿದು ನಾವೇ ಅದನ್ನು ಅತ್ತಿತ್ತ ಸರಿಸಬೇಕಾಗುತ್ತಿತ್ತು. ಈ ಕೆಲಸ ರಾತ್ರಿಯಲ್ಲಿಯೂ ತಪ್ಪದು. ವಿದ್ಯುತ್ತು ಹೋದ ರಾತ್ರಿಗಳಲ್ಲಿ ಬಿಸಿನೀರು ತುಂಬಿದ ಶೀಶೆಯನ್ನು ಬಟ್ಟೆಯಲ್ಲಿ ಸುತ್ತಿ ಪಕ್ಕಕ್ಕಿಡುತ್ತಿದ್ದೆವು.

ಎರಡನೆಯದು ನೆಲ. ನುಣುಪಾದ ನೆಲವೂ, ವೃತ್ತಪತ್ರಿಕೆಯ ಹಾಸೂ ಇಂಥ ಮರಿಗೆ ಶತ್ರುಗಳು. ಊರಿದ ಪಾದವೆಲ್ಲ ಜಾರಿ ಕೀಲು ಮತ್ತಷ್ಟು ಸಡಿಲವಾಗುತ್ತದೆ. ಗೋಣಿತಾಟನ್ನು ಒಗೆದು ಒಣಗಿಸಿ, ಅಂಚಿನ ಎಳೆಗಳು ಬೆರಳಿಗೆ ಸುತ್ತಿಕೊಳ್ಳದಂತೆ ಮಡಿಸಿ ಹೊಲಿದು ಹಾಸಿದೆವು. ಜಾರಿದ ಕಾಲುಗಳಿಗೆ ಪಟ್ಟಿಯನ್ನು ಕಟ್ಟಬೇಕು. ಹಳೆಯ ಧೋತರದ ಮೆತ್ತನೆಯ ತುಂಡನ್ನು ಎರಡೂ ಕಾಲುಗಳಿಗೆ ಸುತ್ತಿ, ನಡುವೆ ಸುಮಾರು ಒಂದಂಗುಲದ ಬಿಡುವಿರುವಂತೆ ಅಂಟುಪಟ್ಟಿಯಿಂದ ಬಿಗಿಮಾಡಿದೆವು. ಪಾದಗಳು ಸೊಂಟದ ನೇರಕ್ಕೆ ಕೆಳಗೆ ಬಂದು ನಿಲ್ಲಬೇಕು, ಅಷ್ಟೆ. ಒಂದಕ್ಕೊಂದು ಸೇರಿಸಿ ಕಟ್ಟಿದರೆ ಮರಿ ಮಗುಚಿಬೀಳುತ್ತದೆ. ರಕ್ತ ಹರಿಯುವುದಕ್ಕೆ ತಡೆಯಾಗದಂತೆ ಪಟ್ಟಿಯನ್ನು ದಿನಕ್ಕೊಮ್ಮೆ ಬಿಚ್ಚಿ ನೋಡಿ ಮತ್ತೆ ಕಟ್ಟಬೇಕು. ಈ ಚಿಕಿತ್ಸೆಯ ಗುಣವೆಲ್ಲ ಮೊದಲ ಮೂರು ನಾಲ್ಕು ದಿನಗಳಲ್ಲಿ. ವಾರ ಕಳೆದು ಎಲುಬು ಗಟ್ಟಿಯಾದ ಮೇಲೆ ಮಾಡಿದರೆ ಪ್ರಯೋಜನ ಬಹಳ ಕಡಿಮೆ.

ಉಣಿಸಿನ ವಿಷಯದಲ್ಲಿ ನೋಡಬಂದವರೆಲ್ಲರೂ ವೈದ್ಯರೇ. ಒಬ್ಬರು ಬಾಯಿಗೆ ಹಾಲು ಹಿಂಡಿರೆಂದರು. ಹಂಸಕ್ಕೆ ಹಾಲನ್ನು ಕುಡಿಸಿದ ಕವಿಗಳು ಏನನ್ನು ಬೇಕಾದರೂ ಹೇಳಲಿ, ಹಾಲಿನೊಳಗಣ ಸಕ್ಕರೆಯನ್ನು ಅರಗಿಸುವ ಶಕ್ತಿ ಪಕ್ಷಿಗಳಿಗೆ ಇಲ್ಲವೆಂದರೂ ಸಲ್ಲುತ್ತದೆ. ಹಿಡಿದು ಹಿಂಡಿದ್ದು ಶ್ವಾಸನಾಳಕ್ಕೆ ಇಳಿದರೆ ಅಲ್ಲಿಗೆ ಮುಗಿಯಿತು. ಮೊಟ್ಟೆಯ ಹಳದಿಯ ಉಳಿಕೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮರಿ ಹುಟ್ಟುವುದರಿಂದ ಮೊದಲ ದಿನ ಅದು ಏನನ್ನೂ ತಿನ್ನದಿದ್ದರೆ ಗಾಬರಿಗೆ ಕಾರಣವಿಲ್ಲ. ಕೊಕ್ಕಿನ ತುದಿಯನ್ನು ನೀರಿಗೆ ಮುಟ್ಟಿಸಿದರೆ ತಾನೇ ಕಲಿಯುತ್ತದೆ. ಮೂಗಿನ ಹೊಳ್ಳೆಗಳನ್ನು ಅದ್ದಿ ತೊಳೆದುಕೊಳ್ಳುವಷ್ಟು ಆಳ ನೀರಿಗೆ ಇರಬೇಕು; ಬಿದ್ದರೆ ಮುಳುಗುವಷ್ಟು ಜಾಗ ಇರಬಾರದು. ಬಟ್ಟಲಿನಲ್ಲಿ ನಾಲ್ಕು ದುಂಡುಕಲ್ಲುಗಳನ್ನು ಹಾಕಿ ಈ ಎರಡನ್ನೂ ಸಾಧಿಸಿದೆವು. ಎರಡನೆಯ ದಿನದಿಂದ ಔಷಧಿ ಬೆರೆಸದ ಕೋಳಿಮರಿಯ ಹಿಟ್ಟನ್ನು ನೀರಿನಲ್ಲಿ ಕಲಸಿ, ಎಳೆಯ ಗರಿಕೆಯ ಕುಡಿಯನ್ನು ಸಣ್ಣಗೆ ಕತ್ತರಿಸಿ ಇಟ್ಟೆವು. ಹೆಬ್ಬಾತು ಹುಟ್ಟಿನಿಂದಲೇ ಹುಲ್ಲು ಮೇಯುವ ಪ್ರಾಣಿ. ಕೊರಳನ್ನು ಎತ್ತಲಾರದ ಆ ಮರಿಯೂ ಹಸುರು ಕುಡಿಯನ್ನು ಕಂಡೊಡನೆ ಕೊಕ್ಕನ್ನು ಚಾಚಿತು.

ಕೋಳಿಯ ಹಿಟ್ಟಿನಲ್ಲಿ ಒಂದು ಕೊರತೆಯುಂಟು; ಇದನ್ನು ನಮಗೆ ತಿಳಿಸಿದವರು ಪಶುವೈದ್ಯರು. ನಯಾಸಿನ್ ಎಂಬ ಜೀವಸತ್ವ ಕೋಳಿಮರಿಗೆ ಒಂದು ಕಿಲೋ ಆಹಾರದಲ್ಲಿ ಸುಮಾರು 30 ಮಿಲಿಗ್ರಾಮಿನಷ್ಟು ಇದ್ದರೆ ನಡೆಯುತ್ತದೆ. ಹೆಬ್ಬಾತಿನ ಮರಿಗೆ ಮೊದಲ ನಾಲ್ಕು ವಾರಗಳಲ್ಲಿ 65 ಮಿಲಿಗ್ರಾಮ್ ಬೇಕು. ಸಾಲದಾದರೆ ಮೊಣಕಾಲಿನಂತೆ ಕಾಣುವ ಕೀಲು ಊದಿ, ಕಾಲು ಬಿಲ್ಲಿನಂತೆ ಬಾಗಿ, ನೆಟ್ಟಗೆ ಹುಟ್ಟಿದ ಮರಿಯೂ ಕುಕ್ಕರಿಸಿಬಿಡುತ್ತದೆ. ಇನ್ನು ದುರ್ಬಲವಾದ ಮರಿಯ ಪಾಡು ಹೇಳತಕ್ಕುದೇನು! ನಮ್ಮ ಮನೆಯಲ್ಲಿ ಮೂಟೆಗಟ್ಟಲೆ ಇರುವ ಅಕ್ಕಿಯ ತೌಡಿನಲ್ಲಿ ಈ ಸತ್ವ ಹೇರಳವಾಗಿದೆ. ಆದರೆ ಧಾನ್ಯದೊಳಗಿನ ನಯಾಸಿನ್ ಬಹುಪಾಲು ಬೇರೆ ವಸ್ತುಗಳಿಗೆ ಅಂಟಿಕೊಂಡಿದ್ದು ದೇಹಕ್ಕೆ ದಕ್ಕುವುದಿಲ್ಲವಂತೆ. ಆದುದರಿಂದ ಯೀಸ್ಟಿನ ಪುಡಿಯನ್ನು ಹಿಟ್ಟಿಗೆ ಬೆರೆಸುವಂತೆಯೂ, ನಯಾಸಿನ್ ಗುಳಿಗೆಯನ್ನು ಲೀಟರು ನೀರಿಗೆ 30 ಮಿಲಿಗ್ರಾಮ್ ಪ್ರಮಾಣದಲ್ಲಿ ಕರಗಿಸಿ ಇಡುವಂತೆಯೂ ಅವರು ಹೇಳಿದರು. ಇದೇ ಸತ್ವದ ಅಭಾವದಿಂದ ಮನುಷ್ಯರಿಗೆ ಬರುವ ರೋಗ ಪೆಲ್ಲಾಗ್ರ. ಅಮೆರಿಕದ ಎಲ್ವೆಹೆಮರು ನಾಯಿಗಳ ಕಪ್ಪುನಾಲಗೆಯ ರೋಗವನ್ನು ಇದರಿಂದ ವಾಸಿಮಾಡಿದ್ದು 1937ರಲ್ಲಿ. ಜೋಳವನ್ನೇ ನಂಬಿ ಬದುಕುವ ದಖ್ಖಣದ ಬಡವರಲ್ಲಿ ಈ ರೋಗ ಏಕೆ ಕಾಣಿಸುತ್ತದೆಂಬುದನ್ನು ಹೈದರಾಬಾದಿನಲ್ಲಿ ಡಾಕ್ಟರ್ ಗೋಪಾಲನ್ನರು ಶೋಧಿಸಿ 1960ರಲ್ಲಿ ಒಂದು ವಿವರಣೆಯನ್ನು ಮುಂದಿಟ್ಟರು. ಬಟ್ಟಲಿನ ನೀರಿನಲ್ಲಿ ಗುಳಿಗೆಯನ್ನು ಕದಡುವಾಗ, ಮನುಷ್ಯರ ಸಂಕಟದಿಂದ ಕಲಿತದ್ದು ಈ ಹಿಡಿಯಷ್ಟು ಜೀವಕ್ಕೂ ಒದಗಿತಲ್ಲಾ ಎನಿಸುತ್ತಿತ್ತು.

ಅಡಿಗೆಮನೆಯ ತಕ್ಕಡಿಯಲ್ಲಿ ಮೊದಲ ದಿನ ಬೆಣ್ಣೆಯ ತೂಕ 88 ಗ್ರಾಮ್. ಮೂರನೆಯ ದಿನ 81. ಆ ರಾತ್ರಿ ಅದು ಕೊರಳನ್ನು ಬೆನ್ನಿನ ಮೇಲೆ ಒರಗಿಸಿ ಕಣ್ಣು ಮುಚ್ಚಿತು. ಮಾವನವರು ಬಾಗಿಲಲ್ಲಿ ನಿಂತು ನೋಡಿ ಏನನ್ನೂ ಹೇಳದೆ ಹೋದರು. ಮಗಳು ಬುಟ್ಟಿಯ ಬಳಿಯಲ್ಲಿಯೇ ಚಾಪೆ ಹಾಸಿಕೊಂಡು ಮಲಗಿದಳು. ಬೆಳಗಿನ ಜಾವ ನಮಗೆ ಎಚ್ಚರವಾದುದು ಗರಿಕೆಯನ್ನು ಎಳೆಯುವ ಸದ್ದಿನಿಂದ. ಐದನೆಯ ದಿನ ಪಟ್ಟಿಯನ್ನು ಬಿಚ್ಚಿದೆವು. ಮರಿ ನಿಂತಿತು, ಮೂರು ಹೆಜ್ಜೆಯಿಟ್ಟಿತು, ಎಡಗಡೆಗೆ ವಾಲಿ ಕೂತಿತು. ಅಂದಿನಿಂದ ದಿನಕ್ಕೆರಡು ಸಲ ಬೆಚ್ಚನೆಯ ನೀರಿನ ಹಂಡೆಯಲ್ಲಿ ಎದೆಯ ಕೆಳಗೆ ಅಂಗೈಯನ್ನು ಕೊಟ್ಟು ಕೆಲವು ನಿಮಿಷ ಈಜಿಸುತ್ತಿದ್ದೆವು. ನೀರು ದೇಹದ ಭಾರವನ್ನು ಹೊರುವುದರಿಂದ ಕಾಲುಗಳು ಬಿದ್ದೇನೆಂಬ ಭಯವಿಲ್ಲದೆ ಆಡುತ್ತವೆ. ಈಜಿದ ಮೇಲೆ ಮೈಯನ್ನು ಪೂರ್ತಿಯಾಗಿ ಒರಸಿ ದೀಪದಡಿಯಲ್ಲಿ ಒಣಗಿಸಬೇಕು. ಒದ್ದೆಯ ನವಿರಿನಿಂದ ಶೀತ ಹಿಡಿದು ಸಾಯುವ ಮರಿಗಳೇ ಹೆಚ್ಚು.

ಇಷ್ಟೆಲ್ಲ ಆದ ಮೇಲೆ ಇನ್ನೊಂದು ಚಿಂತೆ ಹುಟ್ಟಿತು. ನಮ್ಮ ಎಣಿಕೆಯಲ್ಲಿ ಅದೇ ಎಲ್ಲಕ್ಕಿಂತ ದೊಡ್ಡದು. ಹೆಬ್ಬಾತಿನ ಮರಿ ಹುಟ್ಟಿದ ಒಂದೆರಡು ದಿನಗಳಲ್ಲಿ ಯಾರನ್ನು ಎದುರಿಗೆ ಕಾಣುವುದೋ ಅವರನ್ನೇ ತನ್ನವರೆಂದು ಮನಸ್ಸಿನಲ್ಲಿ ಅಚ್ಚೊತ್ತಿಕೊಳ್ಳುತ್ತದೆ. ಜರ್ಮನಿಯ ಹೈನ್‌ರೋಟರು 1911ರಲ್ಲಿಯೇ ಇದನ್ನು ಬರೆದಿಟ್ಟರು. ಆಸ್ಟ್ರಿಯದ ಕೊನ್ರಾಡ್ ಲೊರೆಂಟ್ಸರ ಹಿಂದೆ ಮಾರ್ಟಿನಾ ಎಂಬ ಹೆಬ್ಬಾತು ಮಗುವಿನಂತೆ ತಿರುಗುತ್ತಿದ್ದ ಕಥೆ ಪ್ರಸಿದ್ಧವಾದುದು. ಇಂಥ ಅಧ್ಯಯನಗಳಿಗಾಗಿ ಅವರಿಗೆ 1973ರಲ್ಲಿ ನೊಬೆಲ್ ಬಹುಮಾನದ ಪಾಲು ಬಂದಿತು. ಅವರ ಪುಸ್ತಕವನ್ನು ಓದುವಾಗ ಅದು ಬಹಳ ಸುಂದರವಾಗಿ ತೋರುತ್ತದೆ. ಮನೆಯಲ್ಲಿ ಮಗಳು ನೀರು ಕುಡಿಯಲು ಎದ್ದುಹೋದರೆ ಮರಿ ಆ ಬಾಗಿದ ಕಾಲನ್ನು ಎಳೆದುಕೊಂಡು ಗೋಡೆಗೆ ಎದೆಯನ್ನು ಬಡಿಯುತ್ತ ಕೂಗುವುದನ್ನು ಕಂಡಾಗ ಅಷ್ಟು ಸುಂದರವಾಗಿ ತೋರಲಿಲ್ಲ. ಹೆಬ್ಬಾತು ಇಪ್ಪತ್ತು ವರ್ಷವೂ ಬದುಕಬಲ್ಲದು. ಮಗಳು ಇನ್ನು ಕೆಲವು ವರ್ಷಗಳಲ್ಲಿ ಓದಿಗಾಗಿ ಊರು ಬಿಡತಕ್ಕವಳು. ಆಮೇಲೆ ಅದು ಯಾರ ಕುಲದ್ದಾಗಿ ಉಳಿಯಬೇಕು?

ಈ ಮಾತನ್ನು ಅವಳಿಗೆ ಹೇಳುವುದು ಕಷ್ಟವಾಯಿತು. ಆರನೆಯ ದಿನ ತಾಯಿಯ ಬಳಿಯಿಂದ ಗಟ್ಟಿಯಾದ ಮರಿಯೊಂದನ್ನು ತಂದು ಬುಟ್ಟಿಯಲ್ಲಿ ಜೊತೆಗಿಟ್ಟೆವು. ಬೆಣ್ಣೆ ಅದರ ರೆಕ್ಕೆಯ ಬುಡಕ್ಕೆ ತಲೆಯನ್ನು ತುರುಕಿ, ಹುಟ್ಟಿದಂದಿನಿಂದ ಮೊದಲ ಬಾರಿಗೆ ಕೂಗದೆ ಮಲಗಿತು. ಮಗಳು ಅದನ್ನು ನೋಡಿ, “ನನ್ನ ಹತ್ತಿರ ಹೀಗೆ ಮಲಗಲೇ ಇಲ್ಲವಲ್ಲಮ್ಮ,” ಎಂದಳು. ನಾವು ಏನು ಹೇಳುವುದು? ಸುಮ್ಮನಿದ್ದೆವು. ಅವಳೇ ಮಾರನೆಯ ದಿನದಿಂದ ಮೇವಿಡುವ ಹೊತ್ತಿಗೆ ಮಾತ್ರ ಬುಟ್ಟಿಯ ಬಳಿಗೆ ಬರುವ ನಿಯಮವನ್ನು ಮಾಡಿಕೊಂಡಳು.

ಹನ್ನೊಂದನೆಯ ದಿನ ಅಂಗಳದಲ್ಲಿ ಬಿದಿರ ತಟ್ಟಿಯನ್ನು ಕಟ್ಟಿ, ಒಂದು ಬದಿಗೆ ಇವೆರಡನ್ನೂ ಇನ್ನೊಂದು ಬದಿಗೆ ದೊಡ್ಡವುಗಳನ್ನೂ ಬಿಟ್ಟೆವು. ಹೆಣ್ಣು ಒಂದನ್ನು ಗುರುತಿಸಿ ಕರೆಯಿತು. ಬೆಣ್ಣೆಯನ್ನು ಕಂಡರೆ ಕೊರಳನ್ನು ನೆಲಕ್ಕೆ ಹಾಸಿ ಬುಸುಗುಟ್ಟಿತು. ಹೀಗೆ ನಾಲ್ಕು ದಿನ. ಐದನೆಯ ಸಂಜೆ ತಟ್ಟಿಯನ್ನು ತೆಗೆದಾಗ ನಾವೆಲ್ಲರೂ ಕೋಲು ಹಿಡಿದು ಸಿದ್ಧರಾಗಿ ನಿಂತಿದ್ದೆವು. ಗಂಡು ನೇರವಾಗಿ ಬೆಣ್ಣೆಯ ಕಡೆಗೆ ನಡೆದು ಬಂದು, ಅದರ ತಲೆಯ ಮೇಲೆ ಕೊರಳನ್ನು ಚಾಚಿ, ನಮ್ಮ ಮುಖಕ್ಕೆ ಎದುರಾಗಿ ಅರಚಿತು. ಹೆಬ್ಬಾತಿನ ಗಂಡು ಮರಿಗಳ ಕಾವಲಿನಲ್ಲಿ ಸಮಪಾಲು ವಹಿಸುತ್ತದೆಂದು ಕೇಳಿದ್ದೆವು. ಕಾವಲು ನಮ್ಮಿಂದಲೇ ಎಂದು ಎಣಿಸಿರಲಿಲ್ಲ.

ಈಗ ಅದು ಪೂರ್ಣವಾಗಿ ಬೆಳೆದ ಹಕ್ಕಿ. ಎಡಗಾಲು ಇನ್ನೂ ಸ್ವಲ್ಪ ಹೊರಕ್ಕೆ ತಿರುಗಿದೆ. ಸಾಲಿನಲ್ಲಿ ಯಾವಾಗಲೂ ಕೊನೆಯದು. ಮಾವನವರು ಅದನ್ನು ಬೆಣ್ಣೆಯೆಂದು ಕರೆಯುವುದಿಲ್ಲ, ಕುಂಟನೆಂದೇ ಕರೆಯುತ್ತಾರೆ. ತೋಟದ ಬಸಿಗಾಲುವೆಯ ದರೆಯನ್ನು ಉಳಿದವುಗಳಂತೆ ಅದು ಹತ್ತಲಾರದು. ಮೇಲಕ್ಕೆ ಬಂದು ಅಡಕೆಮರದ ಸಂಕವನ್ನು ದಾಟುತ್ತದೆ. ಹೋದ ಮಳೆಗಾಲದಲ್ಲಿ ಆ ಸಂಕಕ್ಕೆ ಮಾವನವರು ಇನ್ನೊಂದು ದಬ್ಬೆಯನ್ನು ಸೇರಿಸಿ ಕಟ್ಟಿಸಿದರು, ಆಳುಗಳು ಜಾರುತ್ತಾರೆಂದು. ಬೆಣ್ಣೆ ಅದರ ಮೇಲೆ ವಾಲುತ್ತ ನಿಧಾನವಾಗಿ ಬರುವವರೆಗೂ ಗಂಡು ಆಚೆಯ ದಡದಲ್ಲಿ ನಿಂತು ತೋಟವೆಲ್ಲ ಕೇಳುವಂತೆ ಕೂಗುತ್ತಿರುತ್ತದೆ.