ಗುಲಾಬಿಯಾಚೆಯ ತೆರೇಸಾ

ಗುಲಾಬಿ ಹಿಡಿದು ನಿಂತ ಸಂತ ತೆರೇಸಾಳ ಚಿತ್ರ ಎಷ್ಟೋ ಚರ್ಚುಗಳಲ್ಲಿದೆ. ನನಗೆ ಹೆಚ್ಚು ಹತ್ತಿರವಾಗುವುದು ಬ್ರೆಡ್ಡು ಕತ್ತರಿಸಿಕೊಟ್ಟ ತೆರೇಸಾ.

ಫ್ರಾನ್ಸಿನ ಲಿಸಿಯೂ ಊರಿನಲ್ಲಿ ತೆರೇಸಾ ಸನ್ಯಾಸಿನಿಯಾಗಿದ್ದ ಕಾರ್ಮೆಲ್ ಮಠದಲ್ಲಿ ಸಿಸ್ಟರ್ ಸೇಂಟ್ ಪಿಯರ್ ಎಂಬ ವಯಸ್ಸಾದವರಿದ್ದರು. ಆಸರೆಯಿಲ್ಲದೆ ನಡೆಯಲಾಗದು, ಯಾರು ಏನು ಮಾಡಿದರೂ ಸಮಾಧಾನವಿಲ್ಲ. ದಿನಾ ಸಂಜೆ ಅವರನ್ನು ಊಟದ ಮನೆಗೆ ಕರೆದೊಯ್ಯುವ ಕೆಲಸವನ್ನು ತೆರೇಸಾ ತಾನಾಗಿ ಕೇಳಿ ಪಡೆದಳು. ಸ್ವಲ್ಪ ಬೇಗ ನಡೆದರೆ ಬೀಳಿಸುತ್ತೀಯಾ ಎಂದು ಬೈಗುಳ. ನಿಧಾನಿಸಿದರೆ ಕೈಬಿಟ್ಟೆಯಾ ಎಂಬ ಗದರಿಕೆ. ಕೂರಿಸಿ, ಅವರಿಗೆ ಬೇಕಾದ ರೀತಿಯಲ್ಲೇ ನಿಲುವಂಗಿಯ ತೋಳು ಮಡಿಸಿಕೊಟ್ಟರೆ ಅಲ್ಲಿಗೆ ಕೆಲಸ ಮುಗಿಯಿತು. ಆದರೆ ಅವರ ಊನಗೊಂಡ ಕೈಗಳಿಗೆ ಬ್ರೆಡ್ಡು ಕತ್ತರಿಸಲಾಗದ್ದು ಅವಳ ಕಣ್ಣಿಗೆ ಬಿತ್ತು. ಯಾರೂ ಹೇಳದೆ ಅದನ್ನೂ ಮಾಡಿದಳು, ಹೊರಡುವ ಮುನ್ನ ಒಂದು ನಗು ಕೊಟ್ಟಳು. ಅಜ್ಜಿ ಕರಗಿದ್ದು ಆ ನಗುವಿಗೆ.

ಹಾಗಂತ ತೆರೇಸಾ ಮೆತ್ತಗಿನ ಹುಡುಗಿಯೇನಲ್ಲ. 1887ರಲ್ಲಿ, 14ನೇ ವಯಸ್ಸಿನಲ್ಲಿ, ಮಾತಾಡಕೂಡದೆಂಬ ಅಪ್ಪಣೆ ಮೀರಿ ಪೋಪ್ ಹದಿಮೂರನೇ ಲಿಯೋ ಅವರ ಮುಂದೆಯೇ ಮಠ ಸೇರಲು ಅನುಮತಿ ಬೇಡಿದವಳು. ಕಾವಲಿನವರು ಎತ್ತಿಕೊಂಡು ಹೋಗಬೇಕಾಯಿತು!

1897ರಲ್ಲಿ ಕ್ಷಯ ಅವಳನ್ನು ಕೊಂಡೊಯ್ದಾಗ ಬರೀ 24 ವರ್ಷ. ಕೊನೆಯ ಒಂದೂವರೆ ವರ್ಷ ಸ್ವರ್ಗವಿದೆ ಎಂಬ ನಂಬಿಕೆಯೇ ಮಸುಕಾಗಿ ಒದ್ದಾಡಿದಳು. ಆಗಲೂ ಪ್ರಾರ್ಥನೆ ಬಿಡಲಿಲ್ಲ. ವಿಶ್ವಾಸ ಪ್ರಮಾಣವನ್ನು ತನ್ನ ರಕ್ತದಲ್ಲೇ ಬರೆದು ಎದೆಯ ಬಳಿ ಇಟ್ಟುಕೊಂಡಿದ್ದಳು. ಅವಳನ್ನು ಸಂತಳೆಂದು ಘೋಷಿಸಿದ್ದು 1925ರಲ್ಲಿ. ನಾನು ಅವಳಿಗೆ ತಲೆಬಾಗುವುದು ಆ ಒಂದೂವರೆ ವರ್ಷಕ್ಕಾಗಿ.