ಸಿಲಿಂಡರ್ ಕೊಡಲ್ಲ ಅಂದೆ

ನಮ್ ಮಲ್ಲತ್ತಹಳ್ಳಿ ಕಡೆ ಆಟೋ ಓಡಿಸೋ ಮನೆಗಳು ಬೇಕಾದಷ್ಟಿವೆ, ಆಟೋಗೆ ಗ್ಯಾಸೇ ಬೇಕು. ಅದಕ್ಕೇ ಈ ವಿಷ್ಯ ನಿಮಗೂ ಹೇಳ್ಬೇಕು ಅನ್ನಿಸ್ತು. "ಆಂಟಿ, ನಿಮ್ಮನೇಲಿ ಇಬ್ರೇ, ಎರಡನೇ ಸಿಲಿಂಡರ್ ಸುಮ್ನೆ ಕೂತಿರತ್ತೆ, ಕೊಡಿ, ಜಾಸ್ತಿ ದುಡ್ಡು ಕೊಡ್ತೀನಿ" ಅಂತ ಬೀದಿ ಹುಡುಗ ಒಬ್ಬ ಕೇಳ್ದ. ಕೆಟ್ಟವನಲ್ಲ ಪಾಪ. ಬಂಕಲ್ಲಿ ಕ್ಯೂ ನಿಂತ್ರೆ ಎರಡು ಬಾಡಿಗೆ ಹೋಗತ್ತೆ, ತಿಂಗಳಾದ್ರೆ ಆಟೋ ಕಂತು. ಆದ್ರೂ ಕೊಡಲ್ಲ ಅಂದೆ.

ಬಂಕಲ್ಲಾದ್ರೆ ನಾಜಲ್ಲು ಬಿಗಿಯಾಗಿ ಕೂರತ್ತೆ, ಆಟೋ ಟ್ಯಾಂಕು ನೂರಕ್ಕೆ 80 ತುಂಬಿದ್ ತಕ್ಷಣ ತಾನೇ ನಿಲ್ಲತ್ತೆ. ಬಿಸಿಲಿಗೆ ಗ್ಯಾಸ್ ಹಿಗ್ಗೋಕೆ ಜಾಗ ಇರ್ಲಿ ಅಂತ ಆ ಲೆಕ್ಕ. ರಸ್ತೆ ಬದೀಲಿ ಮನೆ ಸಿಲಿಂಡರ್ ತಲೆಕೆಳಗು ಮಾಡಿ, ಪೈಪು, ಮೋಟಾರು ಹಾಕಿ ತುಂಬ್ತಾರಲ್ಲ, ಅಲ್ಲಿ ಪೈಪ್ ಕಿತ್ತಾಗ ಗ್ಯಾಸ್ ಸೋರದೇ ಇರತ್ತಾ? ಅದು ಗಾಳಿಗಿಂತ ಭಾರ ಕಣ್ರೇ, ಮೇಲೆ ಹೋಗಲ್ಲ, ನೆಲ ಹಿಡಿದು ಮೋರೀಲಿ, ಹೊಸಿಲ ಹತ್ರ ಕೂರತ್ತೆ. ಒಂದು ಬೀಡಿ ಕಿಡಿ ಸಾಕು.

ಕಾನೂನೂ ಇದೆ. ಅಡುಗೆ ಸಿಲಿಂಡರ್ ಗ್ಯಾಸನ್ನ ಗಾಡಿಗೆ ಹಾಕ್ಬಾರ್ದು ಅಂತ ಕೇಂದ್ರ ಸರ್ಕಾರದ 2001ರ ಆದೇಶ. ಅದು 1955ರ ಅಗತ್ಯ ವಸ್ತುಗಳ ಕಾಯ್ದೆ ಕೆಳಗೆ ಬರತ್ತೆ, ಆ ಕಾಯ್ದೇಲಿ ಏಳು ವರ್ಷದವರೆಗೂ ಜೈಲಿದೆ. ಸಿಲಿಂಡರ್ ಪುಸ್ತಕ ಬೇರೆ ಹೆಚ್ಚಾಗಿ ನಮ್ ಹೆಂಗಸರ ಹೆಸರಲ್ಲೇ!

ಎಷ್ಟೋ ಗ್ಯಾಸ್ ಆಟೋಲಿ ಚಿಕ್ಕ ಪೆಟ್ರೋಲ್ ಟ್ಯಾಂಕೂ ಇರತ್ತೆ, ಬಂಕ್ ತನಕ ಹೋಗೋಕೆ ಅದು ಸಾಕು.

ರಾತ್ರಿ ವಾಸನೆ ಬಂದ್ರೆ ಲೈಟ್ ಸ್ವಿಚ್ ಮುಟ್ಬೇಡಿ. ನಿಮ್ಮನೇದಾದ್ರೆ ರೆಗ್ಯುಲೇಟರ್ ಆಫ್ ಮಾಡಿ ಕಿಟಕಿ ಬಾಗಿಲು ತೆಗೀರಿ, ಹೊರಗೆ ಹೋಗಿ 1906ಕ್ಕೆ ಫೋನ್ ಮಾಡಿ.